ಎಲ್ಲರ ಮದುವೆಯಲ್ಲೂ ಅತ್ತವರು

ಮದುವೆ ವಿಡಿಯೋ ಎಡಿಟ್ ಮಾಡುವ ನಮ್ಮ ಮಹಾಶಯ ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡಿದ್ದ. ಪ್ರತಿ ಸಲ ಮೊದಲಿಂದ ಕತ್ತರಿಸಿ ಜೋಡಿಸುವುದು ದಡ್ಡರ ಕೆಲಸ ಎಂದು, ತನ್ನದೇ ಮದುವೆಯ ವಿಡಿಯೋವನ್ನು ಅಚ್ಚು ಮಾಡಿಕೊಂಡ. ಸಂಗೀತ, ಹೆಸರು ಬರುವ ಜಾಗ, ಕಟ್ ಎಲ್ಲ ಸಿದ್ಧ. ಹಳೆಯ ದೃಶ್ಯ ತೆಗೆದು ಹೊಸದನ್ನು ಕೂರಿಸಿದರೆ ಮುಗಿಯಿತು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಈಗ ಕಾಫಿ ಆರುವುದರೊಳಗೆ ಮುಗಿಯುತ್ತಿತ್ತು. ಮುಗಿದದ್ದನ್ನು ಮತ್ತೆ ನೋಡುವ ಗೋಜಿಗೂ ಹೋಗುತ್ತಿರಲಿಲ್ಲ. "ತಲೆ ಇದ್ದೋರು ಕೈ ಸವೆಸಲ್ಲ ಕಣೇ," ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡದ್ದೂ ಆಗಿತ್ತು.

ಒಂದು ಬೆಳಿಗ್ಗೆ ಮದುಮಗಳ ತಂದೆಯೊಬ್ಬರ ಫೋನ್ ಬಂತು. "ನನ್ನ ಮಗಳು ಹೊರಡುವಾಗ ಕನ್ನಡಕದವರೊಬ್ಬರು ಬಿಕ್ಕಿ ಬಿಕ್ಕಿ ಅಳ್ತಾರಲ್ಲ, ಅವರು ಯಾರಪ್ಪಾ? ನಾವು ಗಂಡಿನ ಕಡೆಯವರು ಅಂದ್ಕೊಂಡ್ವಿ, ಬೀಗರು ನಮ್ಮ ಕಡೆಯವರು ಅಂದ್ಕೊಂಡಿದ್ದಾರೆ."

ಅವನು ವಿಡಿಯೋ ತೆರೆದು ನೋಡಿದ. ಅಳುತ್ತಿದ್ದವರು ಅವನ ಸ್ವಂತ ಮಾವ. ಅಚ್ಚಿನಲ್ಲಿದ್ದ ಆ ಒಂದು ದೃಶ್ಯವನ್ನು ಬದಲಿಸುವುದೇ ಮರೆತುಹೋಗಿತ್ತು. ಹಿಂದಿನ ಮದುವೆ ತೆರೆದ, ಅಲ್ಲೂ ಮಾವ. ಅದರ ಹಿಂದಿನದರಲ್ಲೂ ಮಾವ. ಆ ವರ್ಷ ಕಂಡವರ ಹೆಣ್ಣುಮಕ್ಕಳನ್ನೆಲ್ಲ ಅವರೇ ಅತ್ತು ಕಳಿಸಿಕೊಟ್ಟಿದ್ದರು.

ಹೆಂಡತಿಯನ್ನು ಕರೆದು ತೋರಿಸಿ, "ನಿಮ್ಮಪ್ಪನ ಕರುಳು ನೋಡು, ಯಾರ ಮದುವೆಗೂ ಹೊಂದತ್ತೆ," ಎಂದು ನಗಲು ನೋಡಿದ.

ಅವಳು ನಗಲಿಲ್ಲ. "ಅಕ್ಕನ ಮದುವೇಲಿ ಅಪ್ಪ ಒಂದು ಹನಿ ಕಣ್ಣೀರು ಹಾಕಿರಲಿಲ್ಲ," ಎಂದಳು. "ಅವರು ಅತ್ತಿದ್ದು ಈ ಅಳಿಯನನ್ನ ನೋಡಿ."