ಲೈಮ್‌ಹೌಸಿನ ತಿರುಗುಮೇಜು

ಚನ್ನಬಸವ್ವ ಧಾರವಾಡದಿಂದ ಲಂಡನ್ನಿನ ಮಗಳ ಮನೆಗೆ ಬಂದು ವರ್ಷದ ಮೇಲಾಗಿತ್ತು. ತಾಯಿಗೆ ಇಂಗ್ಲಿಷ್ ಬಾರದೆಂಬ ಚಿಂತೆ ಡಾಕ್ಟರಾಗಿದ್ದ ಮಗಳು ನೀರಜಾಳಿಗಿತ್ತೇ ಹೊರತು ಆಕೆಗಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕವರನ್ನೆಲ್ಲ "ಆರಾಮ ಅದೀರಿಲ್ಲೋ?" ಎಂದು ಕೇಳುತ್ತಿದ್ದಳು. ಅವರೂ ನಕ್ಕು ಏನೋ ಅನ್ನುತ್ತಿದ್ದರು. ಅಷ್ಟರಲ್ಲಿ ನೆಲಮಹಡಿ ಬಂದಿರುತ್ತಿತ್ತು.

ಆ ಶನಿವಾರ ನೀರಜಾಳಿಗೆ ಡ್ಯೂಟಿ ಇರಲಿಲ್ಲ. ಲೈಮ್‌ಹೌಸಿನ ಚಿಕ್ಕ ಪಾರ್ಕಿನಲ್ಲಿ ಹೊಸ ಶಿಲ್ಪವೊಂದನ್ನು ಜನರಿಗೆ ತೆರೆದಿಡುತ್ತಾರೆಂದು ತಿಳಿದು ತಾಯಿಯನ್ನು ಕರೆದೊಯ್ದಳು. ಹಿಂದೆ ಹಡಗುಗಳಲ್ಲಿ ದುಡಿಯುತ್ತಿದ್ದ ಚೀನೀಯರು ಬಂದಿಳಿದು ನೆಲೆಸಿದ್ದ ಜಾಗ ಅದು. ಅವರ ನೆನಪಿಗೆ ಮಾಡಿದ್ದು ದೊಡ್ಡದೊಂದು ದುಂಡು ಕಲ್ಲಿನ ಮೇಜು. ಚೀನೀ ಹೋಟೆಲುಗಳಲ್ಲಿರುವಂತೆ ಅದರ ಮೇಲ್ಭಾಗ ತಿರುಗುತ್ತಿತ್ತು. ಅಂಚಿನ ಸುತ್ತ ಕಂಚಿನ ಬಟ್ಟಲುಗಳು. ಮೇಜನ್ನು ತಿರುಗಿಸಿದರೆ ಒಂದೊಂದು ಬಟ್ಟಲಿನಿಂದ ಒಬ್ಬೊಬ್ಬರ ದನಿ ಹೊರಟು ಅವರವರ ಬದುಕಿನ ಕತೆ ಹೇಳುತ್ತಿತ್ತು.

"ಇದು ಬೀಸೂಕಲ್ಲ ಅಲ್ಲೇನ?" ಎಂದಳು ಚನ್ನಬಸವ್ವ.

"ಅಲ್ಲವ್ವ, ಊಟದ ಮೇಜು."

"ಉಣ್ಣಾಕ ಇಷ್ಟ ದಪ್ಪ ಕಲ್ಲ ಯಾಕ ಬೇಕವಾ?"

ಹುಡುಗರ ಗುಂಪೊಂದು ಮೇಜನ್ನು ಬುಗುರಿಯಂತೆ ತಿರುಗಿಸುತ್ತಿತ್ತು. ದನಿಗಳೆಲ್ಲ ಇಲಿ ಕೀಚುಗುಟ್ಟಿದ ಹಾಗೆ ಕೇಳುತ್ತಿದ್ದವು. ಅದರ ನಡುವೆ ಒಬ್ಬ ಚೀನೀ ಮುದುಕಿ ಒಂದೇ ಬಟ್ಟಲಿಗೆ ಕಿವಿಗೊಡಲು ಬಗ್ಗಿ, ಅದರ ಹಿಂದೆಯೇ ಅಡ್ಡಾದಿಡ್ಡಿ ಹೆಜ್ಜೆ ಹಾಕುತ್ತಿದ್ದಳು.

"ಏ, ಸಾವಕಾಶ್ರೋ! ಅಜ್ಜಿ ಏನೋ ಕೇಳಾಕತ್ಯಾಳ!" ಚನ್ನಬಸವ್ವ ಗದರಿದಳು. ಹುಡುಗರಿಗೆ ಕನ್ನಡ ತಿಳಿಯದಿದ್ದರೂ ಎತ್ತಿದ ಕೈ ತಿಳಿಯಿತು. ಹಿಂದೆ ಸರಿದರು.

ಮುದುಕಿ ತಾನೇ ತಳ್ಳಿ ನೋಡಿದಳು. ಕಲ್ಲು ಮಿಸುಕಲಿಲ್ಲ. ಚನ್ನಬಸವ್ವ ಸೆರಗು ಸಿಕ್ಕಿಸಿಕೊಂಡು ಎದುರಿಗೆ ನಿಂತಳು. ಇಬ್ಬರೂ ಕೈ ಹಚ್ಚಿದ ಮೇಲೆ ಮೇಜು ನಿಧಾನವಾಗಿ ಹೊರಳಿತು. ಬಟ್ಟಲಿನಿಂದ ಗಂಡಸಿನ ತುಂಬು ದನಿಯೊಂದು ಚೀನೀ ಭಾಷೆಯಲ್ಲಿ ಮಾತಾಡತೊಡಗಿತು.

"ಅದು ನಮ್ಮ ತಾತ," ಎಂದು ಲಾಮ್ ಎಂಬ ಆ ಮುದುಕಿಯ ಮೊಮ್ಮಗಳು ಕ್ಯಾರನ್ ನೀರಜಾಳಿಗೆ ಇಂಗ್ಲಿಷಿನಲ್ಲಿ ಹೇಳಿದಳು. "ತೀರಿಕೊಳ್ಳುವ ಮುಂಚೆ ರೆಕಾರ್ಡ್ ಮಾಡಿದ್ದು. ಅಜ್ಜಿ ಇವತ್ತೇ ಮೊದಲ ಸಲ ಕೇಳ್ತಿರೋದು."

ಲಾಮ್ ಅಜ್ಜಿಯ ಕಣ್ಣು ತುಂಬಿ ಬಂತು. ಆಮೇಲೆ ಹುಬ್ಬು ಗಂಟಿಕ್ಕಿತು. ಇದ್ದಕ್ಕಿದ್ದಂತೆ ಆಕೆ ಮೇಜಿಗೆ ಪಟಾರನೆ ಬಡಿದು ಬಟ್ಟಲನ್ನೇ ಬೈಯತೊಡಗಿದಳು. ಕ್ಯಾರನ್ ನಗು ತಡೆಯಲಾರದೆ ವಿಷಯ ತಿಳಿಸಿದಳು. ನೀರಜಾ ಅದನ್ನು ತಾಯಿಗೆ ದಾಟಿಸಿದಳು.

"ಅವರ ಅಂಗಡಿ ಕಡಬು ಭಾಳ ಹೆಸರುವಾಸಿ ಇತ್ತಂತ. 'ಎಲ್ಲಾ ನಾನs ಕೈಯಾರೆ ಮಾಡ್ತಿದ್ದೆ' ಅಂತಾನ ಅಜ್ಜ. ಈಕಿ ಏನಂತಾಳ ಗೊತ್ತೇನ? 'ಶುದ್ಧ ಸುಳ್ಳ. ಜೀವಮಾನ ಪೂರ್ತಿ ಹಿಟ್ಟ ನಾದಿದಾಕಿ ನಾನು, ಕುಂತ ತಿಂದಾಂವ ಅಂವ!'"

"ನಮ್ಮ ಮನಿಯವ್ರೂ ಅಷ್ಟ!" ಚನ್ನಬಸವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಂದಿ ಮುಂದ ಹೋಳಗಿ ತಾವs ಮಾಡಿಧಂಗ ಹೇಳ್ತಿದ್ರು."

ಮಾತು ಭಾಷೆಯಿಂದ ಭಾಷೆಗೆ ದಾಟಿ ಲಾಮ್ ಅಜ್ಜಿಯನ್ನು ತಲುಪಿತು. ಆಕೆಯೂ ನಕ್ಕು, ಇನ್ನೊಮ್ಮೆ ತಿರುಗಿಸೋಣವೆಂದು ಸನ್ನೆ ಮಾಡಿದಳು. ತಿರುಗಿಸುತ್ತ ತಿರುಗಿಸುತ್ತ ಚನ್ನಬಸವ್ವನ ಬಾಯಿಗೆ ಹಾಡು ತಾನಾಗಿ ಬಂತು:

"ಮೆಲ್ಲಕ ತಿರುಗವ್ವ ಕಲ್ಲವ್ವ ತಾಯವ್ವ
ಎಲ್ಲಿಂದ ಬಂದೀದಿ ಈ ಊರಿಗೆ, ನಿನ ಮಾತ
ಮಲ್ಲಿಗಿ ಹಂಗ ಉದುರಲಿ."

"ಅವ್ವ, ಎಲ್ಲಾರೂ ನೋಡಾಕತ್ತಾರ," ಎಂದಳು ನೀರಜಾ ಮೆಲ್ಲಗೆ.

"ಕಣ್ಣದಾವ, ನೋಡ್ತಾರ ಬಿಡು."

ಗುಂಪಿನ ಹಿಂದಿನಿಂದ ಶಿಲ್ಪ ಮಾಡಿದ ಹೆಂಗಸು ಮುಂದೆ ಬಂದಳು. ಅಜ್ಜನ ಪಕ್ಕದಲ್ಲಿ ಒಂದು ಬಟ್ಟಲು ಇನ್ನೂ ಖಾಲಿಯಿದೆ, ನಿಮ್ಮ ಮಾತನ್ನೂ ಸೇರಿಸೋಣವೇ ಎಂದು ಲಾಮ್ ಅಜ್ಜಿಯನ್ನು ಕೇಳಿದಳು. ಅಜ್ಜಿ ನಾಚಿ, ನನ್ನ ಮಾತು ಯಾರು ಕೇಳ್ತಾರೆ ಎಂದು ಕೈ ಆಡಿಸಿಬಿಟ್ಟಳು.

ನೀರಜಾಳಿಂದ ಸಂಗತಿ ತಿಳಿದದ್ದೇ ಚನ್ನಬಸವ್ವ ಆಕೆಯ ಕೈ ಹಿಡಿದಳು. "ಹೇಳ ಅಕ್ಕಾ! ಸುಳ್ಳ ಹೇಳಿದಾಂವ ಕಂಚಿನ್ಯಾಗ ಕುಂತಾನ, ಖರೇ ಹೇಳಾಕಿಗೆ ಏನ ಧಾಡಿ?"

ಕ್ಯಾರನ್ ಅದನ್ನು ಚೀನೀ ಭಾಷೆಗೆ ತಿರುಗಿಸುವ ಮುಂಚೆಯೇ ಲಾಮ್ ಅಜ್ಜಿ ಹೂಂ ಎಂದು ತಲೆಯಾಡಿಸಿದಳು.

ಈಗ ಆ ಪಾರ್ಕಿಗೆ ಹೋಗಿ ಮೇಜು ತಿರುಗಿಸಿದವರಿಗೆ ಮೊದಲು ಅಜ್ಜನ ಜಂಬ ಕೇಳಿಸುತ್ತದೆ. ಮುಂದಿನ ಬಟ್ಟಲಿನಿಂದ ಲಾಮ್ ಅಜ್ಜಿ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, "ನಂಬಬೇಡಿ. ಮಾಡಿದ್ದು ನಾನು. ತಿಂದದ್ದು ಅವರು," ಎನ್ನುತ್ತಾಳೆ. ಅದರ ಬೆನ್ನಿಗೇ ಇನ್ನೊಬ್ಬರ ನಗು ಸಿಡಿಯುತ್ತದೆ. ರೆಕಾರ್ಡಿಂಗಿಗೆ ಜೊತೆಗೆ ಹೋಗಿದ್ದ ಚನ್ನಬಸವ್ವ ತಡೆಯಲಾಗದೆ ನಕ್ಕದ್ದು ಅದು. ತೆಗೆದುಬಿಡಲೇ ಎಂದು ಶಿಲ್ಪ ಮಾಡಿದವಳು ಕೇಳಿದ್ದಕ್ಕೆ, ಇರಲಿ ಎಂದವಳು ಲಾಮ್ ಅಜ್ಜಿ.