ಸುಣ್ಣ ಬಳಿಯದ ಮೂರು ಕುಂಡ

ಮಾವನ ಗಿಡಗಳ ಎಲೆಗಳನ್ನು ತಟ್ಟೆಯಲ್ಲಿಟ್ಟು ಅಡುಗೆಮನೆಗೆ ಒಯ್ಯುತ್ತಿದ್ದೆ. ತುದಿಯದೊಂದು, ನಡುವಿನದೊಂದು, ಬುಡದ್ದೊಂದು. ಫುಯೆನ್ಸಾಂತಾ ಅತ್ತೆ ಕನ್ನಡಕ ಏರಿಸಿಕೊಂಡು, ಊದಿದ ಬೆರಳುಗಳಿಂದ ಎಲೆಯನ್ನು ಮುಟ್ಟದೆ ತಟ್ಟೆಯನ್ನೇ ತಿರುಗಿಸಿ ನೋಡುತ್ತಿದ್ದಳು.

"ಸಾಯ್ತಾ ಇವೆ" ಅಂದಳು.

"ಯಾತಕ್ಕೆ ಅಂತ ಹೇಳು ಅತ್ತೆ."

"ನಾನೇನು ಗಿಡದ ಡಾಕ್ಟರಾ? ಅವನು ಹೋದ, ಅವನ ಹಿಂದೆ ಇವೂ ಹೊರಟಿವೆ. ನಿಂದು ಊಟ ಆಯ್ತಾ?"

ಸೊಯ್ಲೊ ಮಾವ ತೀರಿಕೊಂಡದ್ದು ನವೆಂಬರಿನಲ್ಲಿ. ಅಂದಿನಿಂದ ಅತ್ತೆ ಹಿಂದಿನ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಅಂಗಳದ ಅರ್ಧ ಕಾಣುತ್ತದೆ: ಬಾವಿಕಟ್ಟೆ, ಜೆರೇನಿಯಂ ಕುಂಡಗಳು ತೂಗುವ ಗೋಡೆ, ತಾರಸಿಗೆ ಹತ್ತುವ ಮೆಟ್ಟಿಲು. ಕಾಣದ ಅರ್ಧದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಆಚೆ, ಮಾವನ ಮೂರು ಗಾಂಜಾ ಕುಂಡಗಳು. ಕಾಣುವ ಅರ್ಧವೇ ಸಾಕು ಎಂದು ಅತ್ತೆ ತೀರ್ಮಾನಿಸಿದ ಹಾಗಿತ್ತು.

ಮಾವ ಸೇದುತ್ತಿರಲಿಲ್ಲ ಎಂದು ಹೇಳಲಾರೆ. ಆದರೆ ಹೂವಿನ ಬಹುಪಾಲು ಹೋಗುತ್ತಿದ್ದುದು ಒಂದು ದಪ್ಪ ಗಾಜಿನ ಬಾಟಲಿಗೆ. ಸ್ಪಿರಿಟ್, ಒಂದು ಹಿಡಿ ರೋಸ್‌ಮೇರಿ, ಒಂದು ಹಿಡಿ ಗಾಂಜಾ ಹೂ. ಆಮೇಲೆ ನಲವತ್ತು ದಿನ ಬೀರುವಿನ ಕತ್ತಲು. ಚಳಿಗಾಲದ ಸಂಜೆಗಳಲ್ಲಿ ಮಾವ ಅತ್ತೆಯ ಎರಡೂ ಕೈಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಗೆಣ್ಣಿಗೆ ಅದನ್ನು ತಿಕ್ಕುತ್ತಿದ್ದ. ಟೀವಿಯಲ್ಲಿ ಹವಾಮಾನ ವರದಿ. ಮಾವ ಗೆಣ್ಣು ಎಣಿಸುತ್ತಿದ್ದ, ಅತ್ತೆ ನಾಳೆ ಮಳೆ ಇದೆಯೋ ಇಲ್ಲವೋ ಎಂದು ಟೀವಿಯವರ ಜೊತೆ ಜಗಳ ಆಡುತ್ತಿದ್ದಳು. ಅಮ್ಮ ಕರಾವಳಿಯ ಹೋಟೆಲುಗಳಲ್ಲಿ ಕೆಲಸಕ್ಕೆ ಹೋದಾಗಲೆಲ್ಲ ನಾನು ಬೆಳೆದದ್ದು ಈ ಮನೆಯಲ್ಲಿ. ಈಗಲೂ ರೋಸ್‌ಮೇರಿಯ ವಾಸನೆ ಬಂದರೆ ನನಗೆ ಅಡುಗೆ ನೆನಪಾಗುವುದಿಲ್ಲ, ಹವಾಮಾನ ವರದಿ ನೆನಪಾಗುತ್ತದೆ.

ಬೀಜ ಸಮುದ್ರದಾಚೆಯ ಸೆಉತಾ ಊರಿನದ್ದು. ಎಪ್ಪತ್ತನಾಲ್ಕರಲ್ಲಿ ಮಾವ ಅಲ್ಲಿ ಸೈನ್ಯದ ಕಡ್ಡಾಯ ಸೇವೆಯಲ್ಲಿದ್ದಾಗ, ಗುಡ್ಡ ಇಳಿದು ಬರುತ್ತಿದ್ದ ಮೊಟ್ಟೆ ವ್ಯಾಪಾರಿಯೊಬ್ಬ ಕೊಟ್ಟದ್ದು. ಆಮೇಲೆ ಪ್ರತಿ ವರ್ಷ ಬಿತ್ತಿ ಪ್ರತಿ ವರ್ಷ ಬೀಜ ಹಿಡಿದ. ಕೊನೆಯ ಬೇಸಿಗೆ ಆಸ್ಪತ್ರೆಯಲ್ಲಿ ಕಳೆಯಿತು; ಬೀಜ ಹಿಡಿಯಲಾಗಲಿಲ್ಲ. ತಂಬಾಕಿನ ಡಬ್ಬದಲ್ಲಿ ಹಳೆಯ ಒಂಬತ್ತು ಕಾಳು ಉಳಿದಿದ್ದವು. ಮಾರ್ಚಿನಲ್ಲಿ ಒಂಬತ್ತನ್ನೂ ಊರಿದೆ. ಮೂರು ಎದ್ದವು. ಪೇಟೆಯಲ್ಲಿ ಬೇರೆ ಬೀಜ ಸಿಗುತ್ತವೆ, ನೂರಾರು ಬಗೆಯವು, ಹಣ್ಣುಗಳ ಹೆಸರಿಟ್ಟವು. ಆದರೆ ಮಾವನ ಬೀಜ ಅಂದರೆ ಈ ಮೂರು ಗಿಡ, ಅಷ್ಟೇ. ಇವು ಹೋದರೆ ಅದು ಲೋಕದಲ್ಲೇ ಇಲ್ಲ. ಬೀರುವಿನ ಬಾಟಲಿಯಲ್ಲಿ ಎರಡು ಬೆರಳಿನಷ್ಟು ಉಳಿದಿತ್ತು.

ಏಪ್ರಿಲ್ ಕೊನೆಯಲ್ಲಿ ಸುಣ್ಣ ಬಳಿದೆ. ಮೇ ತಿಂಗಳ ಶಿಲುಬೆಗಳ ಹಬ್ಬಕ್ಕೆ ಮುಂಚೆ ನಮ್ಮೂರು ಕೊರ್ದೊಬಾದಲ್ಲಿ ಸುಣ್ಣ ಕಾಣದ ಅಂಗಳ ಇರುವುದಿಲ್ಲ. ನಮ್ಮ ಮನೆಯಲ್ಲಿ ಆ ದಿನಕ್ಕೆ ಒಂದು ಹಳೆಯ ತಮಾಷೆಯೂ ಸೇರಿಕೊಂಡಿತ್ತು. ಬಕೆಟಿನಲ್ಲಿ ಸುಣ್ಣ ಕಲೆಸುವ ಸದ್ದು ಕೇಳಿದೊಡನೆ ಮಾವ ತನ್ನ ಕುಂಡಗಳನ್ನು ಒಂದೊಂದಾಗಿ ತಬ್ಬಿಕೊಂಡು ತಾರಸಿ ಹತ್ತುತ್ತಿದ್ದ. ಮೂರು ದಿನ ಇಳಿಯುತ್ತಿರಲಿಲ್ಲ. ಊಟವೂ ಅಲ್ಲಿಗೇ.

"ಸುಣ್ಣದ ದಿನ ಬಂತೂಂದ್ರೆ ನಮ್ಮ ಸೊಯ್ಲೊಗೆ ಗಿಡಗಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕತ್ತೆ ನೋಡು" ಎಂದು ಪಕ್ಕದ ಮನೆಯ ಬ್ರಿಹಿದಾ ಗೋಡೆಯಾಚೆಯಿಂದ ಕೂಗುತ್ತಿದ್ದಳು. ಅತ್ತೆ ಏಣಿಯ ಮೇಲಿಂದ, "ಬ್ರಷ್ ಹಿಡಿದ್ರೆ ಬೆರಳು ಉದುರಿ ಹೋಗ್ತವೆ ಅವನಿಗೆ" ಅನ್ನುತ್ತಿದ್ದಳು. ಮಾವ ಮೇಲಿಂದ ಏನೂ ಹೇಳುತ್ತಿರಲಿಲ್ಲ. ಸೋಮಾರಿ ಅನ್ನಿಸಿಕೊಳ್ಳುವುದಕ್ಕೆ ಅವನಿಗೆ ಬೇಸರವಿರಲಿಲ್ಲ.

ಹಾಗಾಗಿ ಇಡೀ ಅಂಗಳದಲ್ಲಿ ಮಾವನ ಮೂರು ಕುಂಡಗಳು ಮಾತ್ರ ಬರಿಯ ಕೆಂಪು ಮಣ್ಣಿನ ಬಣ್ಣದಲ್ಲಿ ಉಳಿದಿದ್ದವು. ಈ ವರ್ಷ ಅವನ್ನು ನೋಡಿ ನನಗೆ ಸಂಕಟವಾಯಿತು. ಅವನು ಬಿಟ್ಟುಹೋದ ಕೆಲಸ ಎಂದುಕೊಂಡೆ. ಎರಡು ಕೋಟ್ ಬಳಿದೆ. ಹೊರಗೆ, ಅಂಚಿಗೆ, ಅಂಚಿನ ಒಳಗೆ ನಾಲ್ಕು ಬೆರಳು ಆಳದವರೆಗೆ, ಸಸಿಗಳನ್ನು ಒಂದು ಕೈಯಲ್ಲಿ ಬದಿಗೆ ಹಿಡಿದು. ಬ್ರಷ್ ಒರೆಸಿದ್ದೂ ಅಲ್ಲೇ. ಚಂದ ಕಂಡವು.

ಮೇ ಮಧ್ಯದಲ್ಲಿ ಹಳದಿ ಶುರುವಾಯಿತು.

ಮೊದಲು ಬ್ರಿಹಿದಾ ಬಂದಳು. ಕೈ ಸೊಂಟದ ಮೇಲೆ, ಗಿಡದ ಮುಂದೆ. "ಹಸಿವು ಕಣೋ ಲೆಯಾಂದ್ರೊ. ನಿನ್ನ ಹಾಗೇ ಬೆಳೆದು ನಿಂತಿವೆ, ಹೊಟ್ಟೆಗೆ ಹಾಕಬೇಕು." ಅವಳು ತಂದ ಆಡಿನ ಗೊಬ್ಬರ ಹಾಕಿದೆ. ಇನ್ನಷ್ಟು ಹಳದಿ. ಪೇಟೆಯ ಗಾಂಜಾ ಕೃಷಿಯ ಅಂಗಡಿಯಲ್ಲಿ ಮೂಗುತಿಯ ಹುಡುಗಿ ನನ್ನ ಫೋನಿನ ಚಿತ್ರ ನೋಡಿ, ಮೆಗ್ನೀಸಿಯಂ ಇರಬಹುದು ಅಂದಳು. ಉಪ್ಪಿನಂಥ ಪುಡಿ ಕೊಟ್ಟಳು. ಹಾಕಿದೆ. ಬಿಸಿಲು ಜಾಸ್ತಿಯೇ ಎಂದು ನೆರಳಿಗೆ ತಳ್ಳಿದೆ, ನೆರಳು ಜಾಸ್ತಿಯೇ ಎಂದು ಬಿಸಿಲಿಗೆ ಎಳೆದೆ. ಅನುಮಾನ ಬಂದಾಗಲೆಲ್ಲ ನೀರು. ಜೂನ್ ಮೊದಲ ವಾರ ಒಂದು ಗಿಡ ಬುಡದಿಂದ ಕಂದಾಗಿ ಬಾಗಿತು. ಕಿತ್ತರೆ ಬೇರು ಕೊಳೆತು ನಾರುತ್ತಿತ್ತು. ಅದನ್ನು ಕೊಂದದ್ದು ಹಳದಿಯಲ್ಲ, ನಾನು.

ಅತ್ತೆಗೆ ಹೇಳಲಿಲ್ಲ. ತಟ್ಟೆಯಲ್ಲಿ ಉಳಿದೆರಡರ ಎಲೆಗಳನ್ನೇ ಒಯ್ದೆ.

"ಇದು ಬುಡದ್ದಾ, ತುದಿದಾ?" ಅಂದಳು.

"ತುದಿದು. ಹೊಸ ಎಲೆ."

"ಹೊಸದೇ ಹಳದಿನಾ? ನರ ಮಾತ್ರ ಹಸಿರು ಉಳಿದಿದೆ." ತಟ್ಟೆ ತಿರುಗಿಸಿದಳು. "ಹಸಿದ ಗಿಡ ಹಳೇ ಎಲೆ ತಿನ್ನತ್ತೆ. ಹೊಸದನ್ನ ಕಾಪಾಡ್ಕೊಳ್ಳತ್ತೆ. ಇದು ಹಸಿವಲ್ಲ. ಆ ಬ್ರಿಹಿದಾ ತನ್ನ ಹೊಟ್ಟೆ ನೋಡ್ಕೊಂಡು ಹೇಳಿರ್ತಾಳೆ."

"ಮತ್ತೆ ಏನು?"

"ಎಲ್ಲೋ ನೋಡಿದೀನಿ ಇಂಥಾದ್ದು. ಜ್ಞಾಪಕ ಬರ್ತಿಲ್ಲ." ತಟ್ಟೆ ಸರಿಸಿದಳು. ಟೊಮ್ಯಾಟೊ, ಬ್ರೆಡ್ಡು, ಎಣ್ಣೆ ಅರೆದ ತಣ್ಣನೆಯ ಸಾಲ್ಮೊರೆಹೊ ಮುಂದಿಟ್ಟಳು. ಅದಕ್ಕೆ ವಿನೆಗರ್ ಹನಿಸುವಾಗ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ವಿಚಿತ್ರ. ಮಾರ್ಚಿಗೆ ತಂದಿದ್ದು, ಇನ್ನೂ ಇದೆ. ಅವನಿದ್ದಾಗ ತಿಂಗಳಿಗೆ ಎರಡು ಬಾಟಲಿ ಖರ್ಚಾಗ್ತಿತ್ತು. ಕದ್ದು ಕುಡೀತಾನೆ ಅಂದ್ಕೊಂಡಿದ್ದೆ. ಶನಿವಾರ ಶನಿವಾರ ಮೈಯೆಲ್ಲ ಹುಳಿ ವಾಸನೆ."

ಇಬ್ಬರೂ ನಕ್ಕೆವು. ಅಷ್ಟಕ್ಕೇ ಬಿಟ್ಟೆವು.

ಎರಡು ದಿನದ ಮೇಲೆ, ಬೆಳಿಗ್ಗೆ, ಅತ್ತೆ ಕಿಟಕಿಯ ಬಳಿ ನಿಂತು ಗಾಳಿಯನ್ನು ಮೂಸುತ್ತಿದ್ದಳು.

"ಇವತ್ತು ತಾರೀಕೆಷ್ಟೋ?"

"ಹನ್ನೆರಡು."

"ಹನ್ನೆರಡಕ್ಕೂ ಗಾರ್ಡೇನಿಯಾ ವಾಸನೆ ಇಲ್ವಲ್ಲ."

ಗಾರ್ಡೇನಿಯಾ ಅತ್ತೆಯದು, ಮದುವೆಯ ಕಾಲದ್ದು. ಅದೂ ಕಾಣದ ಅರ್ಧದಲ್ಲಿ, ಒಗೆಯುವ ಕಲ್ಲಿನ ಮಗ್ಗುಲಲ್ಲಿ ಇತ್ತು. ನಾನು ಅದಕ್ಕೆ ನೀರು ಹಾಕುತ್ತಿದ್ದೆ, ನೋಡುತ್ತಿರಲಿಲ್ಲ. ಅತ್ತೆ ಬಾಗಿಲ ಚಿಲಕ ತೆಗೆದಳು. ಚಪ್ಪಲಿ ಹಾಕಿಕೊಂಡಳು. ಏಳು ತಿಂಗಳ ಮೇಲೆ ಅಂಗಳಕ್ಕೆ ಇಳಿದಳು, ಮರೆತ ಬಟ್ಟೆ ತರಲು ಹೊರಟವಳ ಹಾಗೆ. ನಾನು ಹಿಂದೆ ಹೋದೆ.

ಗಾರ್ಡೇನಿಯಾದ ಮೊಗ್ಗೆಲ್ಲ ಉದುರಿತ್ತು. ತುದಿಯ ಎಲೆಗಳು ಹಳದಿ, ನರಗಳು ಹಸಿರು. ಅತ್ತೆ ಕುಂಡದ ಅಂಚಿಗೆ ಬೆರಳು ಹಚ್ಚಿ, ಬಿಳಿಯಾದ ಬೆರಳನ್ನು ನನ್ನ ಮುಖದ ಮುಂದೆ ಹಿಡಿದಳು.

"ಇದಕ್ಕೆ ಒಳಗಡೆ ಸುಣ್ಣ ಬಳಿದೋನು ಯಾರು?"

"ನಾನು."

"ಅಯ್ಯೋ ಕತ್ತೆ. ಗಾರ್ಡೇನಿಯಾಗೆ ಸುಣ್ಣ ಆಗಲ್ಲ ಅಂತ ಈ ಊರಲ್ಲಿ ಕುರುಡರಿಗೂ ಗೊತ್ತು. ಮಣ್ಣಲ್ಲಿ ಕಬ್ಬಿಣ ಇದ್ರೂ ಬೇರಿಗೆ ಹಿಡಿಯೋಕೆ ಬಿಡಲ್ಲ ಅದು."

ಆಮೇಲೆ ಅವಳು ತಲೆ ತಿರುಗಿಸಿದಳು. ಮಾವನ ಕುಂಡಗಳು ಅಲ್ಲೇ ಇದ್ದವು, ಬೆಳ್ಳಗೆ. ಎರಡರಲ್ಲಿ ಗಿಡ, ಒಂದರಲ್ಲಿ ಬರೀ ಮಣ್ಣು. ಖಾಲಿಯಾದುದರ ಬಗ್ಗೆ ಅವಳು ಕೇಳಲಿಲ್ಲ. ಹತ್ತಿರ ಹೋಗಿ, ಒಂದು ಎಲೆ ಮಗುಚಿ ನೋಡಿ, ಗಾರ್ಡೇನಿಯಾದ ಎಲೆಯ ಪಕ್ಕ ಹಿಡಿದಳು. ಎರಡೂ ಒಂದೇ ಹಳದಿ.

"ಅದಕ್ಕೇ ಮೇಲೆ ಹೊತ್ಕೊಂಡು ಹೋಗ್ತಿದ್ದ" ಅಂದಳು. "ಒಂದು ಹನಿ ಸಿಡಿಯಬಾರದು ಅಂತ. ನಲವತ್ತು ವರ್ಷ ಸೋಮಾರಿ ಅಂತ ಬೈದೆನಲ್ಲೋ ಅವನನ್ನ. ಹೀಗೆ ಅಂತ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಕೇಳ್ತಿದ್ಯಾ ಅತ್ತೆ?"

"ಇಲ್ಲ" ಅಂದಳು. "ಬ್ರಷ್ ಕೈಗೆ ಕೊಡ್ತಿದ್ದೆ."

ಒಗೆಯುವ ಕಲ್ಲಿನ ಮೇಲೆ ಕೂತಳು. "ವಿನೆಗರ್ ತಗೊಂಡು ಬಾ" ಅಂದಳು.

ಅಂದು ಮಧ್ಯಾಹ್ನದವರೆಗೂ ಕೆಲಸ. ಗಾರ್ಡೇನಿಯಾದ್ದೂ ಸೇರಿ ಕುಂಡಗಳ ಅಂಚಿನ ಒಳಗಿನ ಸುಣ್ಣವನ್ನು ಹಳೆಯ ಚಮಚದಿಂದ ಕೆರೆದೆ. ಮೇಲಿನ ಎರಡು ಬೆರಳು ಮಣ್ಣು ತೆಗೆದು ಎಸೆದು ಹೊಸದು ತುಂಬಿದೆ. ನಮ್ಮ ನಲ್ಲಿ ನೀರಿನಲ್ಲೂ ಸುಣ್ಣವಿದೆ. ಕೆಟಲಿನ ತಳ ನೋಡಿದರೆ ಗೊತ್ತಾಗುತ್ತದೆ; ಅದನ್ನು ಮುರಿಯಲು ಹುಳಿ ಬೇಕು. ಬಕೆಟ್ ನೀರಿಗೆ ಎಷ್ಟು ವಿನೆಗರ್ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅತ್ತೆ ಚಮಚ ಚಮಚವಾಗಿ ಹಾಕಿಸಿ, ಬೆರಳದ್ದಿ ನೆಕ್ಕಿ ನೋಡಿದಳು.

"ಹುಳಿ ಆಯ್ತು. ಚೆಲ್ಲು. ಇನ್ನೊಂದು ಬಕೆಟ್."

ಎರಡನೆಯದನ್ನು ನೆಕ್ಕಿ, ಮೂಗು ಹತ್ತಿರ ತಂದು ಮೂಸಿದಳು. "ನಾಲಗೆಗೆ ಗೊತ್ತಾಗಬಾರದು, ಮೂಗಿಗೆ ಗೊತ್ತಾಗಬೇಕು. ಶನಿವಾರ ಅವನ ವಾಸನೆ ಹೀಗೇ ಇರ್ತಿತ್ತು. ಇಷ್ಟೇ." ಅದು ಅಳತೆಯಾಯಿತು. ಕುಂಡದ ತಳದಿಂದ ಹರಿದು ಹೋಗುವವರೆಗೂ ನೀರು ಬಿಟ್ಟೆ, ಆಮೇಲೆ ಮಣ್ಣು ಒಣಗುವವರೆಗೂ ಒಂದು ಹನಿ ಹಾಕಕೂಡದು ಎಂದು ಅತ್ತೆ ಲೋಟವನ್ನು ಕಿತ್ತಿಟ್ಟುಕೊಂಡಳು. ಮೂಗುತಿಯ ಹುಡುಗಿ ಈ ಸಲ ಕಬ್ಬಿಣದ ಕೆಂಪು ಪುಡಿ ಕೊಟ್ಟಳು. ನೀರಿಗೆ ಹಾಕಿದರೆ ವೈನಿನ ಹಾಗೆ ಕಾಣುತ್ತಿತ್ತು.

ಹಳದಿ ಎಲೆಗಳು ಹಸಿರಾಗಲಿಲ್ಲ. ದಿನವೂ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ, ಅವು ಹಾಗೇ ಇದ್ದವು. ಅತ್ತೆ ಈಗ ಒಗೆಯುವ ಕಲ್ಲಿನ ಮೇಲೆ ಕೂತೇ ಕಾಫಿ ಕುಡಿಯುತ್ತಿದ್ದಳು. "ಅವನ್ನ ನೋಡಬೇಡ" ಅಂದಳು. "ಹೋದದ್ದು ಹೋಯ್ತು. ಇನ್ನು ಬರೋದನ್ನ ನೋಡು." ಒಂಬತ್ತನೆಯ ದಿನ ಒಂದು ಗಿಡದ ತುದಿಯಲ್ಲಿ ಬೆರಳುಗುರಿನಷ್ಟು ಎಲೆ ಬಿಚ್ಚಿತು. ಹಸಿರು. ಸಂಜೆಗೆ ಇನ್ನೊಂದರಲ್ಲೂ. ಅತ್ತೆ ಕನ್ನಡಕ ಏರಿಸಿ ನೋಡಿ, ಒಳಗೆ ಹೋಗಿ, ಒಲೆಯ ಮೇಲೆ ಏನೋ ಇಟ್ಟು ಮತ್ತೆ ಬಂದು ನೋಡಿದಳು.

ಬೀಜ ಆಗಬೇಕಾದರೆ ಒಂದು ಗಂಡು, ಒಂದು ಹೆಣ್ಣು ಬೇಕು. ಎರಡೂ ಹೆಣ್ಣಾದರೆ ಬಾಟಲಿ ತುಂಬುತ್ತದೆ, ಡಬ್ಬ ಖಾಲಿಯೇ ಉಳಿಯುತ್ತದೆ. ಜುಲೈ ಕೊನೆಯವರೆಗೂ ಗಿಡಗಳು ಬಾಯಿ ಬಿಡಲಿಲ್ಲ. ಆಮೇಲೆ ಒಂದರ ಗೆಣ್ಣಿನಲ್ಲಿ ಬಿಳಿ ಕೂದಲು, ಅದು ಹೆಣ್ಣು; ಇನ್ನೊಂದರಲ್ಲಿ ಪುಟ್ಟ ಗುಂಡುಗಳ ಗೊಂಚಲು, ಅದು ಗಂಡು. ಚಿತ್ರ ಕಳಿಸಿದೆ. ಗಂಡನ್ನು ಕಿತ್ತುಬಿಡಿ, ಇಲ್ಲದಿದ್ದರೆ ಹೂವೆಲ್ಲ ಬೀಜವಾಗುತ್ತದೆ ಎಂದು ಅಂಗಡಿಯ ಹುಡುಗಿ ಬರೆದಳು.

ಅತ್ತೆಗೆ ಓದಿ ಹೇಳಿದೆ.

"ಕೀಳೋದಾ? ಈ ಮನೇಲಿ ಉಳಿದಿರೋ ಗಂಡಸು ಅವನೊಬ್ಬ."

"ಮತ್ತೆ ನಾನು?"

"ಸುಣ್ಣ ಬಳಿಯೋನನ್ನ ನಾನು ಲೆಕ್ಕಕ್ಕೆ ಹಿಡೀಲಿಲ್ಲ."

ಅಕ್ಟೋಬರಿನಲ್ಲಿ ಹೂವಿಗಿಂತ ಬೀಜವೇ ಹೆಚ್ಚು ಸಿಕ್ಕಿತು. ಬಾಟಲಿ ಅರ್ಧ ಮಾತ್ರ ತುಂಬಿತು. ಚಳಿಗಾಲದ ಸಂಜೆಗಳಲ್ಲಿ ಅದನ್ನು ಲೆಕ್ಕವಿಟ್ಟು ಬಳಸಿದೆವು, ವಾರಕ್ಕೆ ಎರಡು ದಿನ. ಅತ್ತೆಯ ಕೈಗಳನ್ನು ನನ್ನ ತೊಡೆಯ ಮೇಲಿಟ್ಟುಕೊಳ್ಳುವುದು ಮೊದಮೊದಲು ಇಬ್ಬರಿಗೂ ಮುಜುಗರ. ನಾನು ಗೆಣ್ಣು ಎಣಿಸಲಿಲ್ಲ. ಅವಳು ಟೀವಿಯ ಜೊತೆ ಜಗಳ ಆಡಲಿಲ್ಲ. ಫೆಬ್ರವರಿಯ ಹೊತ್ತಿಗೆ ಸ್ವಲ್ಪ ಸ್ವಲ್ಪ ಆಡತೊಡಗಿದಳು.

ಮತ್ತೆ ಏಪ್ರಿಲ್ ಬಂತು. ಅತ್ತೆ ಬಕೆಟಿನಲ್ಲಿ ಸುಣ್ಣ ಕಲೆಸುತ್ತಿದ್ದಳು. ನಾನು ಮೊದಲ ಕುಂಡವನ್ನು ತಬ್ಬಿ ಎತ್ತಿದೆ. ಚಳಿಗಾಲದಲ್ಲಿ ತಂತಿಯ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಅದನ್ನು ಕೆಂಪಿಗೆ ತಂದಿದ್ದೆ. ಒಳಗೆ ಗೇಣುದ್ದದ ಎರಡು ಸಸಿಗಳಿದ್ದವು. ಮೆಟ್ಟಿಲ ಅರ್ಧದಲ್ಲಿದ್ದಾಗ ಗೋಡೆಯಾಚೆಯಿಂದ ಬ್ರಿಹಿದಾಳ ದನಿ.

"ಏನೇ ಫುಯೆನ್ಸಾಂತಾ, ನಿನ್ನ ಅಳಿಯನಿಗೂ ಮಾವನ ರೋಗ ತಗುಲ್ತಾ? ಸುಣ್ಣ ಕಂಡ ಕೂಡ್ಲೇ ಓಡ್ತಿದಾನೆ."

ಅತ್ತೆ ನಿಜ ಹೇಳುತ್ತಾಳೆ ಎಂದು ಮೆಟ್ಟಿಲಲ್ಲೇ ಕಾದೆ. ಅವಳು ಬ್ರಷ್ಷನ್ನು ಬಕೆಟಿನ ಅಂಚಿಗೆ ಒರೆಸಿದಳು, ನಿಧಾನವಾಗಿ, ಎರಡೂ ಕಡೆ.

"ಏನ್ ಮಾಡೋದು ಬ್ರಿಹಿದಾ" ಅಂದಳು. "ಇಬ್ಬರೂ ಸೋಮಾರಿಗಳು."

ನಾನು ಮೂರು ದಿನ ತಾರಸಿಯಲ್ಲಿದ್ದೆ. ಊಟವೂ ಅಲ್ಲಿಗೇ ಬಂತು.