ನೂರರಲ್ಲಿ ಒಬ್ಬಳು

ಕಟ್ಟು ಹಿಂದಕ್ಕೆ ಬರಬೇಕಂತೆ, ಹಿಂದಕ್ಕೆ ಬಂದರೆ ಕೈ ಎಟುಕುವುದಿಲ್ಲ, ಎಡ ಮಣಿಕಟ್ಟು ಈಗಲೂ ಅಷ್ಟು ತಿರುಗುವುದಿಲ್ಲ, ಹಸಿರು ಗೌನಿನ ಎರಡು ದಾರ ಬೆನ್ನ ಮೇಲೆ ತಣ್ಣಗೆ ಸೋಕುತ್ತಿವೆ, ಯಾರನ್ನು ಕೇಳಲಿ, ಪಕ್ಕದ ಮಂಚದ ಹೆಂಗಸು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಹೋಗಲಿ, ಬೆನ್ನು ತಾನೇ, ಕಂಡರೆ ಕಾಣಲಿ, ಇನ್ನೊಂದು ಗಂಟೆಗೆ ಒಳಗಿನದನ್ನೇ ನೋಡುವವರಿದ್ದಾರೆ — ಹೊಕ್ಕುಳ ಕೆಳಗೊಂದು ತೂತು, ಎರಡು ನಾಳ, ಎರಡು ಗಂಟು, ಸಂಜೆಗೆ ಮನೆ, ಆಮೇಲೆ ಹತ್ತು ದಿನ ಭಾರ ಎತ್ತುವ ಹಾಗಿಲ್ಲ ಎಂದರು ಡಾಕ್ಟರು, ಭಾರ ಅಂದರೆ ಏನೇನು ಅಂತ ಕೇಳಿದ್ದಕ್ಕೆ ನಕ್ಕರು, ಒಂದು ಬಕೆಟ್ ನೀರು ಅನ್ಕೊಳಿ ಎಂದರು, ಬಕೆಟ್ಟನ್ನು ಬಿಟ್ಟರೆ ನಾನು ಬೇರೆ ಏನು ಎತ್ತುತ್ತೇನೆ ಅಂತ ಅವರಿಗೆ ಗೊತ್ತಿಲ್ಲ. ಇವರು ಗೇಟಿನ ತನಕ ಬಂದು ಕಾರಿನಲ್ಲೇ ಉಳಿದರು, ನಂಗೆ ಆಸ್ಪತ್ರೆ ವಾಸನೆ ಆಗಲ್ಲ ಅಂತ ಗೊತ್ತಲ್ಲ ಎಂದರು, ಗೊತ್ತು, ಹದಿಮೂರು ವರ್ಷದಿಂದ ಇವರಿಗೆ ಯಾವುದು ಆಗುತ್ತದೆ ಯಾವುದು ಆಗುವುದಿಲ್ಲ ಎಂಬುದೆಲ್ಲ ನನಗೆ ಬಾಯಿಪಾಠ. ಆದರೂ ಹೋದ ವಾರ ಇಡೀ ಒಂದೇ ರಾಗ ಹಿಡಿದಿದ್ದರು, ಆ ಆಸ್ಪತ್ರೆ ಬೇಡ, ನದಿಯಾಚೆಯದಕ್ಕೆ ಹೋಗು, ಅಲ್ಲಿ ಚೆನ್ನಾಗಿ ನೋಡ್ಕೋತಾರೆ, ಪರವಾಗಿಲ್ಲ, ಇಷ್ಟಾದರೂ ನನ್ನ ಮೇಲೆ ಕಾಳಜಿ ಇದೆಯಲ್ಲ ಅಂದುಕೊಂಡೆ, ಆದರೆ ನಮ್ಮ ಡಾಕ್ಟರು ಚೀಟಿ ಬರೆದುಕೊಟ್ಟದ್ದು ಇಲ್ಲಿಗೇ.

ಎಲ್ಲ ಓದಿಕೊಂಡೇ ಬಂದಿದ್ದೇನೆ, ಓದುವುದೇ ನನ್ನ ಕೆಲಸ, ಹನ್ನೊಂದು ವರ್ಷದಿಂದ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತೇನೆ, ಕಥೆ ಕವಿತೆ ಅಲ್ಲ, ಔಷಧದ ಡಬ್ಬಿಯೊಳಗೆ ಮಡಚಿಟ್ಟಿರುತ್ತಾರಲ್ಲ ಆ ತೆಳು ಕಾಗದ, ಯಾರೂ ಬಿಡಿಸಿ ಓದದ್ದು, ಬಿಡಿಸಿದರೆ ಮತ್ತೆ ಮಡಚಲು ಬಾರದ್ದು, ಎದುರು ಕುರ್ಚಿಯಲ್ಲಿ ಅಲ್ಪವಿರಾಮ ಕೂತಿರುತ್ತಾರೆ, ಹಿರಿಯರು, ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು, ಮೂಲಪ್ರತಿ ಹಿಡಿದು ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದುತ್ತಾರೆ, ತಲೆನೋವು ಅಲ್ಪವಿರಾಮ ವಾಕರಿಕೆ ಅಲ್ಪವಿರಾಮ ಸ್ತನಗಳಲ್ಲಿ ನೋವು — ಅಲ್ಲಿ ಕಿವಿ ಕೆಂಪಾಗುತ್ತದೆ — ಅಲ್ಪವಿರಾಮ ಖಿನ್ನತೆ ಪೂರ್ಣವಿರಾಮ, ನಾನು ಅಚ್ಚಿನ ಮೇಲೆ ಪೆನ್ಸಿಲು ಓಡಿಸುತ್ತಾ ಹೂಂ ಅನ್ನುತ್ತೇನೆ. ಹತ್ತರಲ್ಲಿ ಒಬ್ಬರಿಗೆ ಆಗುವಂಥದ್ದು ಸಾಮಾನ್ಯ, ನೂರರಲ್ಲಿ ಒಬ್ಬರಿಗೆ ವಿರಳ, ಸಾವಿರದಲ್ಲಿ ಒಬ್ಬರಿಗೆ ಅತಿ ವಿರಳ, ಆ ಒಬ್ಬರು ಯಾರು ಎಂದು ಕಾಗದ ಹೇಳುವುದಿಲ್ಲ, ನಾನು ಹೇಳಬಲ್ಲೆ. ದೊಡ್ಡವಳು ಹುಟ್ಟಿದ ಮೇಲೆ ಗುಳಿಗೆ, ಇಪ್ಪತ್ತೊಂದು ದಿನ ನುಂಗು, ಏಳು ದಿನ ಬಿಡು, ಗೊಂಬೆಯ ಗುಂಡಿಯಷ್ಟು ಚಿಕ್ಕದು, ಮೊದಲ ಎರಡು ತಿಂಗಳು ಬೆಳಿಗ್ಗೆ ಬೆಳಿಗ್ಗೆ ಬಸಿರಿಯ ಹಾಗೆ ವಾಂತಿ, ಬಸಿರಾಗದೆ ಇರುವುದಕ್ಕೆ ಬಸಿರಿಯ ಪಾಡು, ಆಮೇಲೆ ಒಂದು ದಿನ ಕರಡಿನ ನಡುವೆ ಬೆಳಕಿನ ಗರಗಸವೊಂದು ಎದ್ದು ಅಕ್ಷರಗಳನ್ನು ಕೊಯ್ಯುತ್ತಾ ಹೋಯಿತು, ಅರ್ಧ ಸಾಲು ಇದೆ ಅರ್ಧ ಸಾಲು ಇಲ್ಲ, ಅಲ್ಪವಿರಾಮ ಓದುತ್ತಲೇ ಇದ್ದಾರೆ, ನಾನು ಹೂಂ ಅನ್ನುತ್ತಲೇ ಇದ್ದೇನೆ, ಕಣ್ಣಿಗೆ ಏನೂ ಕಾಣುತ್ತಿಲ್ಲ. ಇವತ್ತೇ ನಿಲ್ಲಿಸಿ, ಇದು ಬರೀ ತಲೆನೋವಲ್ಲ, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಬಹುದು ಎಂದರು ಡಾಕ್ಟರು, ಇವರು ಎಂದರು, ತಲೆನೋವು ಯಾರಿಗೆ ಬರಲ್ಲ ಹೇಳು, ಒಂದು ಲೋಟ ಟೀ ಕುಡಿ.

ಆಮೇಲೆ ಕಾಪರ್-ಟಿ, ಹಾರ್ಮೋನ್ ಇಲ್ಲ, ಕಣ್ಣಿಗೆ ತೊಂದರೆ ಇಲ್ಲ, ಹಾಕಿಸ್ಕೊಂಡು ಹತ್ತು ವರ್ಷ ಮರೆತುಬಿಡಿ ಎಂದರು, ಮರೆಯುವುದೆಲ್ಲಿಂದ ಬಂತು, ತಿಂಗಳಿಗೆ ಹನ್ನೊಂದು ದಿನ ಅದೇ ನೆನಪು ಮಾಡುತ್ತಿತ್ತು, ಪ್ರೆಸ್ಸಿನ ಕುರ್ಚಿಯ ಮೇಲೆ ರದ್ದಾದ ಹಾಳೆಗಳನ್ನು ಮಡಚಿ ಹಾಸಿಕೊಂಡು ಕೂತಿದ್ದೇನೆ, ಏಳುವಾಗ ಹಿಂದೆ ತಿರುಗಿ ನೋಡಿಕೊಂಡೇ ಏಳಬೇಕು, ಅಷ್ಟೆಲ್ಲ ಸಹಿಸಿದ ಮೇಲೆ ಅದು ಯಾವಾಗ ಜಾರಿತು ಅಂತ ನನಗೇ ಗೊತ್ತಾಗಲಿಲ್ಲ, ನೂರರಲ್ಲಿ ಒಬ್ಬರಿಗಿಂತ ಕಡಿಮೆ ಎಂದು ನಾನೇ ತಿದ್ದಿದ ಸಾಲು, ಆ ಒಬ್ಬರಿಗಿಂತ ಕಡಿಮೆಯೇ ನನ್ನ ಚಿಕ್ಕವಳು, ಈಗ ಆರು ವರ್ಷ, ಮುಂದಿನ ಹಲ್ಲು ಬಿದ್ದಿದೆ, ಅವಳಿಲ್ಲದ ಮನೆ ನನಗೆ ಬೇಡ, ಅದು ಬೇರೆ ಮಾತು. ಇವರು ಲಿಫ್ಟ್ ಮೆಕ್ಯಾನಿಕ್ಕು, ತಾಮ್ರದ ತಂತಿ ಸರಿಯಾಗಿ ಸುತ್ತಿರಲಿಲ್ಲ ಕಣ್ರೋ ಅಂತ ಜೊತೆಯವರ ಮುಂದೆ ಹೇಳಿ ನಗಿಸಿದರಂತೆ. ನಿರೋಧ್ ಎರಡು ತಿಂಗಳು ನಡೆಯಿತು, ಕೈಗವಸು ಹಾಕ್ಕೊಂಡು ಊಟ ಮಾಡಿದ ಹಾಗೆ ಎಂದರು, ದಿನ ಲೆಕ್ಕ ಹಾಕೋಣ ಎಂದರೆ ಹದಿನಾಲ್ಕು ಮಹಡಿ ಎಣಿಸುವವರಿಗೆ ನನ್ನ ದಿನಗಳು ಮಾತ್ರ ಎಣಿಕೆಗೆ ಸಿಗುತ್ತಿರಲಿಲ್ಲ. ಡಾಕ್ಟರು ಇವರನ್ನೇ ಕೂರಿಸಿಕೊಂಡು ಹೇಳಿದರು, ನಿಮ್ಮದು ಹದಿನೈದು ನಿಮಿಷದ ಕೆಲಸ, ಅಲ್ಲಿಗೆ ಮಾತ್ರ ಮರಗಟ್ಟಿಸ್ತೀವಿ, ನಡ್ಕೊಂಡೇ ಮನೆಗೆ ಹೋಗಬಹುದು, ಅವರದು ಹೊಟ್ಟೆ ತೂತು ಮಾಡಬೇಕು, ಪ್ರಜ್ಞೆ ತಪ್ಪಿಸಬೇಕು, ಇವರ ಮುಖ ಸುಣ್ಣದ ಹಾಗಾಯಿತು, ಹಗ್ಗ ಕಟ್ಟಿಕೊಂಡು ಲಿಫ್ಟಿನ ಬಾವಿಯಲ್ಲಿ ನೇತಾಡುವ ಮನುಷ್ಯ, ಎತ್ತು ಮಾಡಿಬಿಡ್ತಾರೆ ಕಣೆ ಎಂದರು ಮೆಟ್ಟಿಲಿಳಿಯುತ್ತಾ, ಮೂರು ಸಲ ದಿನ ಗೊತ್ತು ಮಾಡಿಕೊಂಡದ್ದು, ಒಂದು ಸಲ ಜ್ವರ, ಒಂದು ಸಲ ಯಾವುದೋ ಕಟ್ಟಡದಲ್ಲಿ ಲಿಫ್ಟು ಸಿಕ್ಕಿಕೊಂಡಿತು, ಮೂರನೆಯ ಸಲ ನೆಪ ಹುಡುಕುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ, ಅತ್ತೆ ಎಂದರು, ದುಡಿಯೋ ಗಂಡಸಿನ ಮೈಗೆ ಕತ್ತರಿ ಹಾಕಿಸ್ತೀಯೇನೇ. ಸರಿ, ಇಂಜೆಕ್ಷನ್ನು, ಮೂರು ತಿಂಗಳಿಗೊಂದು, ಮೊದಲು ದಿನಾ ಚೂರು ಚೂರು ರಕ್ತ, ಆಮೇಲೆ ಅದೂ ಇಲ್ಲ, ಒಂಬತ್ತು ಕಿಲೋ ಮೈ ಬಂತು, ಬಾಚಣಿಗೆಯಲ್ಲಿ ಕೂದಲ ಉಂಡೆ, ಲೈಂಗಿಕ ಆಸಕ್ತಿ ಕುಗ್ಗಬಹುದು ಎಂದು ಅಲ್ಪವಿರಾಮ ಓದಿದ ದಿನ ನಾನು ಕತ್ತೆತ್ತಲಿಲ್ಲ, ದಿಂಬಿನ ಪಕ್ಕ ಇನ್ನೊಂದು ದಿಂಬು ಮಲಗಿದ ಹಾಗಿರತ್ತೆ ಎಂದು ಇವರು ಅನ್ನುತ್ತಿದ್ದರು, ಯಾವುದಕ್ಕಾಗಿ ಚುಚ್ಚಿಸಿಕೊಂಡೆನೋ ಅದೇ ಬೇಡವಾಗಿಹೋಗಿತ್ತು, ಆದರೂ ನಾಲ್ಕು ವರ್ಷ ತಪ್ಪದೆ ಹೋದೆ. ಹೋದ ಏಪ್ರಿಲ್ಲಿನಲ್ಲಿ ಪ್ರೆಸ್ಸಿನ ಮೆಟ್ಟಿಲ ಮೇಲೆ ಜಾರಿದೆ, ಎರಡೇ ಮೆಟ್ಟಿಲು, ಮಣಿಕಟ್ಟು ಚಕ್ಕೆಯ ಹಾಗೆ ಮುರಿಯಿತು, ಎಲುಬಿನ ಪರೀಕ್ಷೆ ಮಾಡಿಸಿದರೆ ನಿಮಗೆ ಮೂವತ್ತೆಂಟು, ನಿಮ್ಮ ಎಲುಬಿಗೆ ಅರವತ್ತು ಎಂದರು, ಇನ್ನು ಇಂಜೆಕ್ಷನ್ ಬೇಡವೇ ಬೇಡ, ಯಜಮಾನರನ್ನ ಒಪ್ಪಿಸೋಕಾಗಲ್ವಾ, ನಾನು ನಕ್ಕೆ, ಹಾಗಾದರೆ ನಿಮಗೇ ಆಪರೇಷನ್ ಮಾಡಿಬಿಡೋಣ.

ಚಪ್ಪಲಿ ಸದ್ದು, ನರ್ಸು, ಚಕ್ರದ ಮೇಜಿನ ಮೇಲೆ ಕಂಪ್ಯೂಟರನ್ನು ತಳ್ಳಿಕೊಂಡು ಬರುತ್ತಿದ್ದಾಳೆ, ಅಯ್ಯೋ ಕಟ್ಟೇ ಹಾಕಿಲ್ವಲ್ಲಕ್ಕ ಎಂದು ಬೆನ್ನ ಹಿಂದೆ ಬಂದು ಗಂಟು ಹಾಕಿದಳು, ಬೆಚ್ಚನೆಯ ಬೆರಳು, ಎಷ್ಟು ಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಏನಾದರೂ ಔಷಧ ಒಗ್ಗಲ್ವಾ, ಯಾವುದೂ ಒಗ್ಗಿಲ್ಲ ಅನ್ನಬೇಕೆಂದುಕೊಂಡು ಇಲ್ಲ ಎಂದೆ, ಯಜಮಾನರ ಫೋನ್ ನಂಬರ್ ಹೇಳಿ, ಹೇಳಿದೆ, ಟಪಟಪ ಬಡಿದಳು, ನಿಂತಳು, ಈ ನಂಬರ್ ನಮ್ಮಲ್ಲಿ ಆಗಲೇ ಇದೆಯಲ್ಲಕ್ಕ, ಲಿಫ್ಟ್ ಕಂಪನಿಯವರಾ, ಹೂಂ, ಅವರಿಗೆ ಆಗಿದೆಯಲ್ಲ, ಏನು ಆಗಿದೆ ಎಂದೆ, ಇದೇ, ಗಂಡಸರ ಆಪರೇಷನ್ನು, ಎರಡು ವರ್ಷದ ಹಿಂದೆ, ಜೂನ್ ಹನ್ನೆರಡು, ಸೆಪ್ಟೆಂಬರಿನಲ್ಲಿ ಪರೀಕ್ಷೆಗೂ ಬಂದಿದ್ದಾರೆ, ವೀರ್ಯಾಣು ಸೊನ್ನೆ, ಎಲ್ಲಾ ಸರಿಯಾಗಿದೆ, ಮತ್ತೆ ನಿಮಗ್ಯಾಕಕ್ಕ ಇದು? ಒಳ್ಳೆಯ ಸುದ್ದಿ ಹೇಳುವ ಮುಖದಲ್ಲೇ ಕೇಳಿದಳು, ಕೇಳಿದ ಮೇಲೆ ಆ ಮುಖ ಬದಲಾಯಿತು, ಕಣ್ಣು ನನ್ನ ಕಾಲಿನಿಂದ ತಲೆಯವರೆಗೆ ಒಮ್ಮೆ ಹೋಗಿ ಬಂತು, ಗಂಡನಿಗೆ ಆಗಿದ್ದ ಮೇಲೂ ಹೆಂಡತಿಗೆ ಬೇಕಾಗಿದೆ ಅಂದರೆ — ಅಯ್ಯೋ ದೇವರೇ, ಅವಳು ನನ್ನನ್ನು ಅಳೆಯುತ್ತಿದ್ದಾಳೆ, ಇಲ್ಲಿ ಕೂಡ ಲೆಕ್ಕ ನನ್ನ ತಲೆಗೇ ಬಂತು, ನಂಗೆ ಗೊತ್ತಿರಲಿಲ್ಲ ಎಂದೆ, ನನ್ನ ದನಿ ಪ್ರೆಸ್ಸಿನಲ್ಲಿ ತಪ್ಪು ತೋರಿಸುವಾಗಿನ ಹಾಗೆ ಸಮನಾಗಿತ್ತು, ಗೋಡೆಗೆ ಮುಖ ಮಾಡಿದ್ದ ಹೆಂಗಸು ಇತ್ತ ಹೊರಳಿದಳು, ನರ್ಸು ನಾಲಿಗೆ ಕಚ್ಚಿಕೊಂಡು, ನಾನು ಹೇಳಬಾರದಿತ್ತೇನೋ ಅಕ್ಕ, ಹೇಳಿದ್ದೀಯಲ್ಲ ತಾಯಿ, ಕಟ್ಟು ಬಿಚ್ಚು. ಜೂನ್ ಹನ್ನೆರಡು, ಜೂನ್ ಹನ್ನೆರಡು ಹರ್ನಿಯಾ, ತೊಡೆಸಂದಿಯಲ್ಲಿ ಗಂಟು ಬಂದಿದೆ, ಚಿಕ್ಕ ಆಪರೇಷನ್ನು, ನೀನು ಬರೋದು ಬೇಡ, ಜೊತೆಯವನು ಬರ್ತಾನೆ ಅಂದಿದ್ದರು, ಸಂಜೆ ಕಾಲು ಅಗಲಿಸಿಕೊಂಡು ನಡೆದು ಬಂದರು, ಬಟ್ಟೆ ಸರಿಸಬೇಡ, ನೋಡೋಕೆ ಅಸಹ್ಯವಾಗಿದೆ ಎಂದರು, ನಾನು ಸರಿಸಲಿಲ್ಲ.

ಸೀರೆಯ ನೆರಿಗೆ ಹೇಗೋ ಸಿಕ್ಕಿಸಿಕೊಂಡು ಹೊರಗೆ ಬಂದೆ, ಬಿಸಿಲು, ಕಾರಿನ ಬಾಗಿಲು ತೆರೆದಿಟ್ಟುಕೊಂಡು ಫೋನಿನಲ್ಲಿ ಏನೋ ನೋಡುತ್ತಾ ಕೂತಿದ್ದಾನೆ, ನನ್ನನ್ನು ಕಂಡು, ಇಷ್ಟು ಬೇಗ ಆಗೋಯ್ತಾ ಎಂದ, ಜೂನ್ ಹನ್ನೆರಡು ಎಂದೆ, ಅಷ್ಟೇ ಎಂದೆ, ಅವನು ಫೋನನ್ನು ಜೇಬಿಗೆ ಹಾಕಲು ಹೋಗಿ ಎರಡು ಸಲ ಜೇಬು ತಪ್ಪಿಸಿದ. ಹೇಳೋಣ ಅಂತಲೇ ಇದ್ದೆ, ಯಾವಾಗ, ಸಮಯ ಬರಲಿ ಅಂತ, ಎಂಟು ಇಂಜೆಕ್ಷನ್ ಆದಮೇಲೂ ಬರಲಿಲ್ವಾ, ನೋಡು, ಎಲ್ಲರ ಮುಂದೆ ಎತ್ತು ಗಿತ್ತು ಅಂತ ನಾನೇ ಆಡ್ಕೊಂಡಿದ್ದೆ, ಅವರಿಗೆ ಗೊತ್ತಾದ್ರೆ ನನ್ನ ಮಾನ ಏನಾಗ್ಬೇಕು, ಅವರಿಗೆ ಸರಿ, ನನಗೆ ಹೇಳೋಕೇನಾಗಿತ್ತು, ನೀನು ಇಂಜೆಕ್ಷನ್ ನಿಲ್ಲಿಸ್ತೀಯ, ಯಾಕೆ ಅಂತ ಅಮ್ಮ ಕೇಳ್ತಾರೆ, ನಿನ್ನ ಬಾಯಲ್ಲಿ ಮಾತು ನಿಲ್ಲಲ್ಲ, ಅದಕ್ಕೇ, ಹೇಗೂ ನಿಂಗೆ ಅಭ್ಯಾಸ ಆಗೋಗಿತ್ತಲ್ಲ. ಮತ್ತೆ ಯಾಕೆ ಮಾಡಿಸ್ಕೊಂಡೆ ಎಂದೆ, ಹದಿಮೂರು ವರ್ಷದಲ್ಲಿ ಮೊದಲ ಸಲ ಏಕವಚನ, ಇಬ್ಬರಿಗೂ ಕೇಳಿಸಿತು, ನಿನ್ನದನ್ನ ನಂಬೋಕಾಗ್ತಿರಲಿಲ್ಲ, ಕಾಪರ್-ಟಿ ಒಂದ್ಸಲ ಕೈಕೊಡ್ತಲ್ಲ, ಮೂರನೇದು ಬಂದ್ರೆ ಅಂತ ಭಯ ಆಯ್ತು. ಇವತ್ತು ನನ್ನ ಹೊಟ್ಟೆ ತೂತು ಮಾಡ್ತಿದ್ರಲ್ಲ ಎಂದೆ, ಅವನು ಕಾರಿನ ಸ್ಟೀರಿಂಗನ್ನು ಒರೆಸಿದ, ಕೂತ್ಕೋ, ಮನೆಗೆ ಹೋಗಿ ಮಾತಾಡೋಣ, ಜನ ನೋಡ್ತಿದ್ದಾರೆ. ನಾನು ರಸ್ತೆ ದಾಟಿದೆ, ನಿಂತಿದ್ದ ಬಸ್ಸು ಹತ್ತಿದೆ, ಯಾವ ಕಡೆಯದೋ ನೋಡಲಿಲ್ಲ, ಕಿಟಕಿ ಪಕ್ಕದ ಸೀಟು, ಎಂಟರಲ್ಲಿ ಮೊದಲನೆಯದನ್ನು ಬಿಡೋಣ, ಪರೀಕ್ಷೆ ಆಗುವ ತನಕ ಬೇಕಿತ್ತು ಅನ್ನೋಣ, ಉಳಿದ ಏಳು, ಏಳೂ ನನ್ನ ಎಲುಬಿನೊಳಗೆ ಸುಮ್ಮನೆ ಇಳಿದವು, ಏನನ್ನೂ ತಡೆಯುತ್ತಿರಲಿಲ್ಲ, ತಡೆಯಲು ಅಲ್ಲಿ ಏನೂ ಇರಲಿಲ್ಲ, ಫೋನು ಗುರುಗುಟ್ಟುತ್ತಿದೆ, ಅವನಲ್ಲ, ಅತ್ತೆ, ಆಯ್ತೇನೇ ಆಪರೇಷನ್ನು, ನೋವಿದೆಯಾ, ಮಕ್ಕಳದ್ದು ಊಟ ಆಯ್ತು, ನೀನೇನೂ ಯೋಚನೆ ಮಾಡ್ಬೇಡ, ಆಗಿದೆ ಅತ್ತೆ ಎಂದೆ, ಎರಡು ವರ್ಷದ ಹಿಂದೇನೇ ಆಗಿದೆ, ನನಗಲ್ಲ, ನಿಮ್ಮ ಮಗನಿಗೆ. ಆ ಕಡೆ ನಲ್ಲಿಯ ನೀರು ಸುರಿಯುವ ಸದ್ದು, ನಲ್ಲಿ ನಿಂತಿತು, ಆಮೇಲೆ ತೀರಾ ಸಣ್ಣ ದನಿಯಲ್ಲಿ, ಹಾಗಾದ್ರೆ ಹರ್ನಿಯಾ? ಹರ್ನಿಯಾ ಇರಲಿಲ್ಲ ಅತ್ತೆ. ಅಯ್ಯೋ, ಮೂರು ದಿನ ನಾವಿಬ್ಬರೂ ಅವನ ಮಂಚ ಕಾದ್ವಲ್ಲೇ ಎಂದರು, ಫೋನನ್ನು ಮಡಿಲಿಗೆ ಹಾಕಿಕೊಂಡೆ, ಕಾದೆವು, ಹೌದು, ಎರಡನೆಯ ದಿನ ನನ್ನದೂ ಇಂಜೆಕ್ಷನ್ನಿನ ಸರದಿ ಬಂದಿತ್ತು, ಅರ್ಧ ದಿನ ರಜೆ ಹಾಕಿ ಚುಚ್ಚಿಸಿಕೊಂಡು ಓಡಿ ಬಂದೆ, ತೋಳಿನ ಮೇಲೆ ಹತ್ತಿಯ ಚೂರು ಹಾಗೇ ಅಂಟಿಕೊಂಡಿದೆ, ಕೈ ತೊಳೆದು ಐಸಿನ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ ಬಟ್ಟೆಯ ಮೇಲಿಂದಲೇ ಹಿಡಿದಿದ್ದೇನೆ, ತೊಡೆಸಂದಿಗೆ, ಹರ್ನಿಯಾ ಇರುವ ಜಾಗಕ್ಕೆ, ಬೆರಳು ಮರಗಟ್ಟಿವೆ, ಅವನು ಸೂರು ನೋಡುತ್ತಿದ್ದಾನೆ, ಇಲ್ಲೇನಾ ಎಂದು ಕೇಳುತ್ತೇನೆ, ಅಲ್ಲ, ಸ್ವಲ್ಪ ಕೆಳಗೆ ಅನ್ನುತ್ತಾನೆ, ಇಳಿಸುತ್ತೇನೆ, ನೂರು ಕರಡಿನಲ್ಲಿ ಒಂದು ಚುಕ್ಕೆ ತಪ್ಪಿದ್ದರೆ ಹಿಡಿಯುವವಳು ನಾನು, ಇಲ್ಲೇನಾ, ಇನ್ನೂ ಸ್ವಲ್ಪ ಕೆಳಗೆ, ಹತ್ತಿಯ ಚೂರು, ಟವೆಲ್ಲಿನಿಂದ ತೊಟ್ಟಿಕ್ಕುವ ನೀರು, ನನ್ನ ಕೈ, ಸ್ವಲ್ಪ ಕೆಳಗೆ, ನನ್ನ ಕೈ, ಸ್ವಲ್ಪ ಕೆಳಗೆ —